ಕಾಳು ತಂದವರಿಗೆ ಟಿಕೆಟ್ ಇಲ್ಲ

ಜ್ಲಾರಿನ್ ದ್ವೀಪ
14 ಮಾರ್ಚ್ 2022

ಯೊಸೊ,

ಇದನ್ನು ಮಾತು ಎಂದು ತಿಳಿಯಬೇಡ. ನಿನ್ನ ಜೊತೆ ಮಾತು ಬಿಟ್ಟು ನಾಲ್ಕು ಬೇಸಿಗೆ ಆಯಿತು. ಬಿಟ್ಟದ್ದು ಬಿಟ್ಟ ಹಾಗೇ ಇದೆ. ಬರೆಯುವುದಿಲ್ಲ ಎಂದು ನಾನು ಯಾವ ಸಂತರ ಮುಂದೆಯೂ ಆಣೆ ಇಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾತು ಬಿಟ್ಟದ್ದು ಯಾಕೆಂದು ನೀನು ಮರೆತಿರಬಹುದು, ನಾನು ಮರೆತಿಲ್ಲ. ಅವತ್ತು ನಮ್ಮ ಚರ್ಚಿನ ಹೆಂಗಸರ ಜೊತೆ ಬಸ್ಸಿನಲ್ಲಿ ಜಲಪಾತಕ್ಕೆ ಬಂದಿದ್ದೆ. ನಾನು ಹುಟ್ಟಿದ ಮನೆ, ನನ್ನಪ್ಪನ ನೀರುಗಿರಣಿ, ಅಲ್ಲೇ ಧಾರೆಯ ಮೇಲಿದೆ ಎಂದು ದಾರಿಯುದ್ದಕ್ಕೂ ಜಂಬ ಕೊಚ್ಚಿಕೊಂಡು ಬಂದಿದ್ದೆ. ಬಾಗಿಲಲ್ಲಿ ನಿಂತಿದ್ದವನು ಯಾರು? ನಾನು ಹೆತ್ತ ಮಗ, ರಾಷ್ಟ್ರೀಯ ಉದ್ಯಾನದ ಕಾವಲಿನವರ ಹಸಿರು ಅಂಗಿ ಹಾಕಿಕೊಂಡು. "ಅಮ್ಮ, ಟಿಕೆಟ್ ತೋರಿಸು" ಅಂದೆ. ಅಷ್ಟು ಹೆಂಗಸರ ಮುಂದೆ. ನಾನು ತಿರುಗಿ ಹೋಗಿ ಬಸ್ಸಿನಲ್ಲಿ ಕೂತೆ. ಅವರೆಲ್ಲ ನೋಡಿಕೊಂಡು ಬರುವ ತನಕ ಡ್ರೈವರನ ರೇಡಿಯೋ ಕೇಳುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಬೇಸಿಗೆ ನಾನು ಅಪ್ಪನ ಗಿರಣಿಗೆ ಹೋಗುವವಳು. ಬಸ್ಸಿನಲ್ಲಲ್ಲ, ನಿನ್ನ ಕಾರಿನಲ್ಲೂ ಅಲ್ಲ. ನಮ್ಮ ಫುಮಿಯಾ ದೋಣಿಗೆ ಹಾಯಿ ಕಟ್ಟಿಕೊಂಡು, ಈ ದ್ವೀಪದವರು ಹಿಂದೆ ಹೇಗೆ ಹೋಗುತ್ತಿದ್ದರೋ ಹಾಗೆ. ಚರ್ಚಿನ ಹಿಂದಿನ ತುಂಡು ಹೊಲದಲ್ಲಿ ಬಾರ್ಲಿ ಹಾಕಿದ್ದೇನೆ, ಆಗಲೇ ಮೊಣಕಾಲೆತ್ತರ ಬಂದಿದೆ. ಜೂನ್‌ನಲ್ಲಿ ಕೊಯ್ದು, ಚೀಲ ಕಟ್ಟಿ ತಂದು, ಬೀಸಿಸಿಕೊಂಡು ಹೋಗುತ್ತೇನೆ. ಟಿಕೆಟ್ ತೆಗೆಯುವುದಿಲ್ಲ. ಕಾಳು ತಂದವರ ಹತ್ತಿರ ಆ ಗಿರಣಿಯಲ್ಲಿ ಯಾವ ಕಾಲದಲ್ಲೂ ಯಾರೂ ಟಿಕೆಟ್ ಕೇಳಿದ್ದಿಲ್ಲ.

ಮುದುಕಿ ಕದ್ದು ನುಗ್ಗಿದಳು ಎಂದು ನಾಳೆ ನೀನು ಹೇಳಬಾರದಲ್ಲ, ಅದಕ್ಕೆ ಮುಂಚೆಯೇ ತಿಳಿಸಿದ್ದೇನೆ.

ಪೆರಿನಾ,
ಗಿರಣಿಯವನ ಮಗಳು


ಸ್ಕ್ರಾದಿನ್
2 ಏಪ್ರಿಲ್ 2022

ಪ್ರೀತಿಯ ಅಮ್ಮ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ನಿನ್ನ ಸೊಸೆ ನೆವೆಂಕಾ ಒಲೆ ಆರಿಸಿ ಓಡಿಬಂದಳು. ದ್ವೀಪದಲ್ಲಿ ಯಾರೋ ಹೋದರು ಎಂದುಕೊಂಡಳಂತೆ. ನೀನು ಬೈಯುವುದಕ್ಕಾದರೂ ಬರೆದೆಯಲ್ಲ, ನನಗೆ ಅಷ್ಟೇ ಸಾಕು.

ಆದರೆ ನೀನು ಹೇಳುವುದು ಆಗುವ ಕೆಲಸವಲ್ಲ. ಸಮುದ್ರದಿಂದ ಬರುವ ಹಾಯಿದೋಣಿಗಳೆಲ್ಲ ನಮ್ಮ ಸ್ಕ್ರಾದಿನ್ ದಂಡೆಯಲ್ಲೇ ಕಟ್ಟಿಕೊಳ್ಳಬೇಕು. ಸೇತುವೆ ದಾಟಿದ ಮೇಲೆ ನೀರಿನಲ್ಲಿ ಗಡಿಯ ಗುರುತಿಗೆ ಹಳದಿ ಪ್ಲಾಸ್ಟಿಕ್ ಬುರುಡೆಗಳ ಸಾಲು ತೇಲಿಬಿಟ್ಟಿದ್ದಾರೆ. ಅಲ್ಲಿಂದ ಮುಂದೆ ಕೃಕಾ ನದಿಯಲ್ಲಿ ಪ್ರವಾಸಿಗಳನ್ನು ಒಯ್ಯುವ ದೊಡ್ಡ ದೋಣಿಗಳಿಗೆ ಮಾತ್ರ ದಾರಿ. ಮನೆಯಷ್ಟು ದೊಡ್ಡ ಹಾಯಿಹಡಗು ತಂದ ಶ್ರೀಮಂತರೂ ಇಲ್ಲೇ ಇಳಿದು, ಟಿಕೆಟ್ ಹಿಡಿದುಕೊಂಡು, ಆ ದೋಣಿ ಹತ್ತಿ ಹೋಗುತ್ತಾರೆ. ಈಗ ನನ್ನನ್ನು ಬಾಗಿಲಿನಿಂದ ಆ ಬುರುಡೆ ಸಾಲಿನ ಕಾವಲಿಗೆ ಹಾಕಿದ್ದಾರೆ. ಅಂದರೆ ನಿನ್ನನ್ನು ತಡೆಯಬೇಕಾದವನು ನಾನೇ.

ಅವತ್ತಿನ ಮಾತೂ ಹೇಳಿಬಿಡುತ್ತೇನೆ. ಎಲ್ಲರ ಹತ್ತಿರ ಟಿಕೆಟ್ ಕೇಳುತ್ತೇನೆ, ನಿನ್ನ ಹತ್ತಿರವೂ ಕೇಳಿದೆ. ನಿಯಮಕ್ಕೆ ಅಮ್ಮ ಅಂತ ಯಾರೂ ಇಲ್ಲ.

ನೀನು ಷಿಬೆನಿಕ್ ತನಕ ಫೆರಿಯಲ್ಲಿ ಬಾ. ನಾನು ಕಾರು ತರುತ್ತೇನೆ. ಟಿಕೆಟ್ ನಾನೇ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ನಿನ್ನ ಕಣ್ಣಿಗೂ ಬೀಳುವುದಿಲ್ಲ. ಗಿರಣಿಯನ್ನು ಚೆನ್ನಾಗಿ ರಿಪೇರಿ ಮಾಡಿದ್ದಾರೆ. ಬಂದವರಿಗೆ ತೋರಿಸಲು ದಿನಾ ಒಂದಿಷ್ಟು ಕಾಳು ಬೀಸುತ್ತಾರೆ. ನಿನಗೆ ಖಂಡಿತ ಖುಷಿಯಾಗುತ್ತದೆ.

ನಿನ್ನ ಮಗ,
ಯೊಸೊ


ಜ್ಲಾರಿನ್
9 ಏಪ್ರಿಲ್ 2022

ಯೊಸೊ,

ನಿಯಮಕ್ಕೆ ಅಮ್ಮ ಇಲ್ಲ ಎಂದೆ. ಅದು ಬೆಳೆದಿರುವ ರೀತಿ ನೋಡಿದರೇ ಗೊತ್ತಾಗುತ್ತದೆ.

ತೋರಿಸುವುದಕ್ಕೆ ಬೀಸುತ್ತಾರಂತೆ. ಹಸಿದವರಿಗೆ ಬೀಸುತ್ತಿದ್ದ ಕಲ್ಲು ಈಗ ಹೊಟ್ಟೆ ತುಂಬಿದವರಿಗೆ ಆಟ ತೋರಿಸುತ್ತಿದೆ. ಕೇಳು ಮಗನೇ. ಈ ದ್ವೀಪದಲ್ಲಿ ಹರಿಯುವ ನೀರು ಒಂದು ತೊಟ್ಟು ಇಲ್ಲ. ಇಲ್ಲಿನವರು ರೊಟ್ಟಿ ತಿನ್ನಬೇಕಾದರೆ ಕಾಳನ್ನು ದೋಣಿಗೆ ಹಾಕಿಕೊಂಡು, ಕಾಲುವೆ ದಾಟಿ, ಸರೋವರ ದಾಟಿ, ನನ್ನಪ್ಪನ ಬಾಗಿಲಿಗೆ ಬರಬೇಕಿತ್ತು. ನಿನ್ನಪ್ಪನೂ ಹಾಗೇ ಬಂದ. ಗೋಧಿ ಬೀಸಿಸಲು ಬಂದವನು ನನ್ನನ್ನೂ ಕಟ್ಟಿಕೊಂಡು ಹೋದ. ಫುಮಿಯಾದ ಮುಂಭಾಗದಲ್ಲಿ ಹಿಟ್ಟಿನ ಚೀಲಗಳ ಮೇಲೆ ಕೂತು ನಾನು ಈ ದ್ವೀಪಕ್ಕೆ ಮದುವಣಗಿತ್ತಿಯಾಗಿ ಬಂದೆ. ಆಮೇಲೆ ಗಿರಣಿ ಮುಚ್ಚಿತು, ಅಪ್ಪ ತೀರಿಕೊಂಡ, ಸುತ್ತ ಬೇಲಿ ಬಂತು. ತವರಿಗೆ ಹೋಗುವವಳು ನಾನು. ತವರಿಗೆ ಟಿಕೆಟ್ ತೆಗೆದು ಹೋದ ಹೆಣ್ಣನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ನಿನ್ನಪ್ಪನ ಹಳೆಯ ಜೊತೆಗಾರ ರೊಕೊ ದೋಣಿಯ ಸಂದುಗಳಿಗೆ ಸೆಣಬು ತುರುಕುತ್ತಿದ್ದಾನೆ. ಫುಮಿಯಾದಲ್ಲಿ ಅರ್ಧ ಪಾಲು ಅವನದು ಎನ್ನುವುದು ನಿನಗೆ ಗೊತ್ತಲ್ಲ. ಮೊದಲು ಆಗಲ್ಲ ಎಂದ. ಹಿಂಭಾಗ ತನ್ನದು, ಅದನ್ನು ಕಳಿಸುವುದಿಲ್ಲ ಎಂದು ಕೂತ. ಹಾಗಾದರೆ ನನ್ನ ಮುಂಭಾಗವನ್ನು ಗರಗಸ ಹಾಕಿ ಕತ್ತರಿಸಿಕೊಂಡು ಹೋಗುತ್ತೇನೆ ಎಂದೆ. ಮಾರನೇ ದಿನ ಬೆಳಗ್ಗೆ ಟಾರಿನ ಡಬ್ಬಿ ಹಿಡಿದುಕೊಂಡು ಬಂದ.

ಪೆರಿನಾ


ಸ್ಕ್ರಾದಿನ್
20 ಮೇ 2022

ಪ್ರೀತಿಯ ಅಮ್ಮ,

ಒಳ್ಳೆಯ ಸುದ್ದಿ. ನಿನ್ನ ವಿಷಯ ಕಚೇರಿಯಲ್ಲಿ ಹೇಳಿದೆ, ಅವರಿಗೆ ತುಂಬ ಇಷ್ಟವಾಯಿತು. ಜುಲೈನಲ್ಲಿ ಹಳೆಯ ಕಸುಬುಗಳ ದಿನ ಮಾಡುತ್ತಾರೆ. ಅವತ್ತು ನೀನು ಗಿರಣಿಯವನ ಮಗಳಾಗಿ, ಹಳೆಯ ಕಾಲದ ಲಂಗ, ತಲೆವಸ್ತ್ರ ಹಾಕಿಕೊಂಡು ಬೀಸುಕಲ್ಲಿನ ಪಕ್ಕ ಕೂರಬೇಕು. ನಿನ್ನನ್ನು ಗೌರವದ ಅತಿಥಿ ಎಂದು ಕರೆದುಕೊಂಡು ಹೋಗುತ್ತಾರೆ, ಊಟವೂ ಅವರದೇ. ಟಿಕೆಟಿನ ಪ್ರಶ್ನೆಯೇ ಇಲ್ಲ. ನೀನು ಕೇಳಿದ್ದು ಇದೇ ಅಲ್ಲವೇ?

ಇನ್ನೊಂದು ವಿಷಯ. ಯೆಲ್ಕಾ ಈ ಬೇಸಿಗೆ ಇಲ್ಲಿ ನಮ್ಮ ಜೊತೆ ಇರುತ್ತಾಳೆ ಎಂದುಕೊಂಡಿದ್ದೆವು. ನಿನ್ನ ಹತ್ತಿರ ಬಂದು ಹಾಯಿ ಹೊಲಿಯುತ್ತಿದ್ದಾಳಂತೆ. ಅವಳು ಹಾಯಿ ಪಂದ್ಯಗಳಲ್ಲಿ ಗೆದ್ದಿರಬಹುದು, ಆದರೆ ಅವಳಿಗೆ ಇನ್ನೂ ಬಿಸಿರಕ್ತ. ನನ್ನ ಮಗಳನ್ನು ನನ್ನ ಮೇಲೆ ಎತ್ತಿಕಟ್ಟಬೇಡ.

ಯೊಸೊ


ಜ್ಲಾರಿನ್
25 ಮೇ 2022

ಯೊಸೊ,

ನನ್ನಮ್ಮನ ಲಂಗ ಹಾಕಿಕೊಂಡು ನಾನು ಬೊಂಬೆಯ ಹಾಗೆ ಕೂರಬೇಕು, ಬಂದವರು ಫೋಟೋ ಹೊಡೆದುಕೊಳ್ಳಬೇಕು. ಬೊಂಬೆ ಬೇಕಿದ್ದರೆ ನಿಮ್ಮ ದಂಡೆಯ ಅಂಗಡಿಯಲ್ಲಿ ಸಾಲಾಗಿ ನೇತುಹಾಕಿದ್ದಾರೆ, ಒಂದು ತಂದು ಕೂರಿಸಲು ಹೇಳು. ನಾನು ಗಿರಣಿಯವನ ಮಗಳ ವೇಷ ಹಾಕುವವಳಲ್ಲ. ಗಿರಣಿಯವನ ಮಗಳು ನಾನೇ.

ಯೆಲ್ಕಾಳನ್ನು ನಾನು ಎತ್ತಿಕಟ್ಟಿಲ್ಲ. ಅವಳೇ ಎದ್ದು ಬಂದಳು.

ಪೆರಿನಾ


ಸ್ಕ್ರಾದಿನ್
18 ಜೂನ್ 2022

ಅಮ್ಮ,

ನಿನ್ನ ಕಾಗದ ಬಂದ ಮೇಲೆ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಈಗ ಸುತ್ತಿಬಳಸಿ ಮಾತಾಡುವುದಿಲ್ಲ.

ನೀನು ಬಂದೇ ಬರುತ್ತೀಯ, ಅದು ಗೊತ್ತಾಯಿತು. ನೀನು ಬುರುಡೆ ಸಾಲು ದಾಟಿದರೆ ನಾನು ನಿನ್ನನ್ನು ಹಿಡಿಯಬೇಕು. ಹಿಡಿಯದಿದ್ದರೆ ನನ್ನ ಕೆಲಸ ಹೋಗುತ್ತದೆ. ಹಿಡಿದರೆ ಹೆತ್ತ ತಾಯಿಯನ್ನು ನೀರಿನ ನಡುವೆ ಹಿಡಿದವನು ಎಂದು ಈ ಊರಿನಲ್ಲಿ ನಾನು ಸಾಯುವ ತನಕ ಅನ್ನಿಸಿಕೊಳ್ಳಬೇಕು. ನಿನಗೆ ಗಿರಣಿ ತವರು. ನನಗೆ ಅದು ಅನ್ನ.

ಒಂದೇ ಒಂದು ಬೇಡಿಕೆ. ಗುರುವಾರ ನನಗೆ ರಜೆ. ಗುರುವಾರ ಬಾ. ತಡೆಯುವವನು ಬೇರೆ ಯಾರಾದರೂ ಆಗಿರಲಿ.

ಯೊಸೊ


ಜ್ಲಾರಿನ್
23 ಜೂನ್ 2022

ಯೊಸೊ,

ಬಾರ್ಲಿ ಕೊಯ್ದೆವು. ಚೀಲ ಕಟ್ಟಿದೆ.

ಗುರುವಾರ ಬರುವುದಿಲ್ಲ. ಶುಕ್ರವಾರ, ಜುಲೈ ಒಂದನೇ ತಾರೀಕು ಬರುತ್ತೇನೆ. ನನ್ನನ್ನು ತಡೆಯುವುದಾದರೆ ನನ್ನ ಮುಖ ಗೊತ್ತಿರುವವನೇ ತಡೆಯಲಿ. ಗೊತ್ತಿಲ್ಲದವನ ಮುಂದೆ ಜಗಳ ಆಡಲು ನಾನೇನು ಬೀದಿಯವಳೇ?

ಪೆರಿನಾ


ಸ್ಕ್ರಾದಿನ್ ದಂಡೆ, ಫುಮಿಯಾ ದೋಣಿಯಿಂದ
1 ಜುಲೈ 2022, ಮಧ್ಯಾಹ್ನ

ಯೊಸೊ,

ಈ ಚೀಟಿಯನ್ನು ಯೆಲ್ಕಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದೆ. ವಯಸ್ಸಿಗಲ್ಲ, ಸಿಟ್ಟಿಗೆ.

ನಿನ್ನೆಯೇ ಹೊರಟು ಸರೋವರದ ಬಾಯಲ್ಲಿ ಲಂಗರು ಹಾಕಿದ್ದೆವು. ಇವತ್ತು ನಿಮ್ಮ ಸೇತುವೆಯ ಕೆಳಗೆ ಬರುವ ತನಕ ನಾನು ಎಂಜಿನ್ ಮುಟ್ಟಲು ಬಿಟ್ಟಿಲ್ಲ. ನಿನ್ನೆ ಕಾಲುವೆಯಲ್ಲಿ ದೊಡ್ಡ ಹಡಗೊಂದು ಅಲೆ ಎಬ್ಬಿಸಿಕೊಂಡು ಹಾದುಹೋಯಿತು. ರೊಕೊ ತನ್ನ ಹಿಂಭಾಗವನ್ನು ಹಿಡಿದುಕೊಂಡು ಎಲ್ಲ ಸಂತರ ಹೆಸರೂ ಹೇಳಿದ. ಚುಕ್ಕಾಣಿಯಲ್ಲಿದ್ದ ಯೆಲ್ಕಾ ರೆಪ್ಪೆ ಮಿಟುಕಿಸಲಿಲ್ಲ. ಸೇತುವೆಯ ಕೆಳಗೆ ಮಾತ್ರ ಹಾಯಿ ಇಳಿಸಿ, ಆಚೆ ಮತ್ತೆ ಏರಿಸಿದೆವು. ನೀನು ಮೋಟಾರು ದೋಣಿಯಲ್ಲಿ ಅಡ್ಡ ಬಂದು ಎದ್ದು ನಿಂತೆ. ನಾನು ಮನಸ್ಸಿನಲ್ಲಿ ಎಲ್ಲ ತಯಾರು ಮಾಡಿಕೊಂಡಿದ್ದೆ. ನಿಷೇಧ ಎಂದರೆ ಏನು ಹೇಳಬೇಕು, ದಂಡ ಎಂದರೆ ಏನು ಹೇಳಬೇಕು, ಅಮ್ಮ ದಮ್ಮಯ್ಯ ಎಂದರೆ ಏನು ಹೇಳಬೇಕು, ಎಲ್ಲ. ಅದೂ ನಿನಗಲ್ಲ, ನಿನಗೆ ಕೇಳುವ ಹಾಗೆ ರೊಕೊನಿಗೆ.

ನೀನು ಅಂದದ್ದೇ ಬೇರೆ. "ಕಲ್ಲು ಖಾಲಿ ಇಲ್ಲ. ದೋಣಿ ಕಟ್ಟಿ, ಸರದಿ ಬರೋ ತನಕ ಕಾಯ್ರಿ" ಅಂದೆ.

ಅದು ನನ್ನಪ್ಪನ ಮಾತು. ಕಾಳಿನ ದೋಣಿ ಬಂದಾಗ ಬಾಗಿಲಲ್ಲಿ ನಿಂತು ಅವನು ಹೇಳುತ್ತಿದ್ದದ್ದು ಅಕ್ಷರಕ್ಕೆ ಅಕ್ಷರ ಅದೇ. ಆ ಮಾತು ಬಿದ್ದ ಮೇಲೆ ಯಾವ ದೋಣಿಯೂ ಮುಂದೆ ಹೋಗುತ್ತಿರಲಿಲ್ಲ. ಪಾದ್ರಿಯ ಗೋಧಿಯೂ ಕಾಯುತ್ತಿತ್ತು, ಸಾಹುಕಾರನ ಗೋಧಿಯೂ ಕಾಯುತ್ತಿತ್ತು. ನಿನಗೆ ಅನ್ನ ಕಲಸಿ ಉಣಿಸುವಾಗ ನಾನೇ ಹೇಳಿಕೊಟ್ಟ ಮಾತು, ಅದನ್ನೇ ನನಗೆ ತಿರುಗಿಸಿದೆ. ಈಗ ನಾನು ನುಗ್ಗಿದರೆ ಕಾಳು ತಂದವಳಲ್ಲ, ಬರೀ ಹಟಮಾರಿ ಮುದುಕಿ. ಹಾಗಾಗಿ ದಂಡೆಗೆ ತಿರುಗಿ ಬಂದು ಕಟ್ಟಿದ್ದೇನೆ. ಗೆದ್ದೆ ಎಂದು ಬೀಗಬೇಡ.

ಕಾಯಿರಿ ಎಂದವನು ಕರೆಯಲೂ ಬೇಕು. ಕಾಯಲು ಹೇಳಿ ಕರೆಯದೆ ಇರುವುದಕ್ಕೆ ನಮ್ಮ ಮನೆಯಲ್ಲಿ ಮೋಸ ಎನ್ನುತ್ತಿದ್ದರು. ನನ್ನ ಹತ್ತಿರ ಒಣ ಅಂಜೂರ ಇದೆ, ಉಪ್ಪುಮೀನು ಇದೆ, ರೊಕೊನ ಗೊಣಗಾಟ ಇದೆ. ಬೇಸಿಗೆ ಮುಗಿದರೂ ಇಲ್ಲೇ ಇರುತ್ತೇನೆ.

ಪೆರಿನಾ


ಸ್ಕ್ರಾದಿನ್
1 ಜುಲೈ 2022, ಸಂಜೆ

ಅಮ್ಮ,

ನಿನ್ನನ್ನು ಬಲೆಗೆ ಕೆಡವಲು ಹಾಗೆ ಹೇಳಿದೆನೆಂದು ನೀನು ತಿಳಿದಿದ್ದೀಯ. ದೇವರಾಣೆ, ನಾನು ಹೇಳಬೇಕೆಂದು ಹೊರಟದ್ದು ನಿಷೇಧ ಎಂಬ ಪದವನ್ನೇ. ನಿನ್ನ ಕಾಲ ಬಳಿ ಆ ಚೀಲ ಕಂಡಿತು, ಬಾಯಿಗೆ ಈ ಮಾತು ಬಂತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಗಿರಣಿಯ ಲೆಕ್ಕದಲ್ಲಿ ರಾತ್ರಿ ಕಟ್ಟಿಕೊಂಡು ಕಾದ ದೋಣಿಯೇ ಬೆಳಗ್ಗೆ ಮೊದಲು. ನಾಳೆ ನಿನ್ನದೇ ಮೊದಲು. ನಿನಗಿಂತ ಮುಂಚೆ ಯಾವ ದೋಣಿಯೂ ಹೋಗುವುದಿಲ್ಲ, ಪ್ರವಾಸಿಗಳದ್ದೂ ಕೂಡ. ಇದನ್ನು ಕಚೇರಿಗೆ ಹೋಗಿ ಹೇಳಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಎಲ್ಲರೂ ನಕ್ಕರು, ನನಗೆ ಕಾಫಿ ಕೊಟ್ಟರು.

ನಾನು ಕಾಫಿ ಕುಡಿಯಲಿಲ್ಲ.

ಯೊಸೊ


ಸ್ಕ್ರಾದಿನ್
11 ಜುಲೈ 2022

ಪ್ರೀತಿಯ ಅಮ್ಮ,

ಹಿಟ್ಟು ಹೇಗಿದೆ ಎಂದು ನೀನು ಬರೆಯುತ್ತೀಯ ಎಂದು ಕಾದೆ. ಬರೆಯಲಿಲ್ಲ, ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ. ನೀನು ದೋಣಿಯ ಮೇಲಿದ್ದೆ, ನಾನು ದಂಡೆಯ ಮೇಲಿದ್ದೆ. ನನ್ನ ಕಡೆಯಿಂದ ಆ ಬೆಳಗ್ಗೆ ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ.

ಪ್ರವಾಸಿ ದೋಣಿ ಹತ್ತುವ ಕಟ್ಟೆಗೆ ನಾನು ಸರಪಳಿ ಎಳೆದು ನಿಂತಾಗ ಕ್ಯಾಪ್ಟನ್ ನಗುತ್ತಲೇ ಇದ್ದ. ಆಮೇಲೆ ನಗು ನಿಂತಿತು. ಹಿಂದೆ ಮಕ್ಕಳು ಮರಿ ಕಟ್ಟಿಕೊಂಡು ಬಂದವರ ಸಾಲು ಬೇಕರಿಯ ತನಕ ಬೆಳೆಯಿತು. ಯಾಕೆ ಬಿಡುತ್ತಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: "ನಿಮಗಿಂತ ಮುಂಚೆ ಒಬ್ರು ಬಂದಿದಾರೆ." ಮೇಲಿನವರು ಫೋನಿನಲ್ಲಿ ಕೂಗಾಡಿದರು. ಕೂಗಲಿ ಎಂದು ಫೋನನ್ನು ಕಟ್ಟೆಯ ಕಲ್ಲಿನ ಮೇಲೆ ಇಟ್ಟೆ.

ಒಂದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಗಾಳಿಯೇ ಇರಲಿಲ್ಲ. ಬೇಸಿಗೆಯಲ್ಲಿ ಸಮುದ್ರದ ಗಾಳಿ ಈ ಕಣಿವೆಗೆ ಬರುವುದು ಹೊತ್ತೇರಿದ ಮೇಲೆ. ನಿನ್ನ ಹಾಯಿ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು, ನಿಮ್ಮ ಎಂಜಿನ್ ಮುಟ್ಟಲು ನೀನು ಬಿಡುವವಳಲ್ಲ. ಕ್ಯಾಪ್ಟನ್ ಒಳ್ಳೆಯವನು, ಎಂಜಿನ್ನಿಗೆ ಕಟ್ಟಿ ಎಳೆದುಕೊಂಡು ಹೋಗುತ್ತೇನೆ ಎಂದ. ನೀನು ರೊಕೊ ಮಾವನ ಕಡೆ ತಿರುಗಿ, ಇಡೀ ದಂಡೆಗೆ ಕೇಳುವ ಹಾಗೆ, ಸತ್ತ ಕತ್ತೆಯನ್ನು ಎಳೆಯುವ ಹಾಗೆ ನನ್ನನ್ನು ಯಾರೂ ಎಳೆಯಬೇಕಾಗಿಲ್ಲ ಎಂದೆ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇನ್ನು ಆಗುವುದಿಲ್ಲ, ಸರಪಳಿ ಬಿಚ್ಚಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ.

ಅಷ್ಟರಲ್ಲಿ ರೊಕೊ ಮಾವ ದೋಣಿಯ ಮೂತಿಯಿಂದ ಉದ್ದ ಹಗ್ಗ ತೆಗೆದು ದಂಡೆಗೆ ಎಸೆದರು. ಗಾಳಿ ಕೈಕೊಟ್ಟಾಗ ಗಿರಣಿಯ ಮನೆಯವರು ಕೆಳಗಿಳಿದು ಬಂದು ಕಾಳಿನ ದೋಣಿಯನ್ನು ದಂಡೆಯಿಂದ ಹಗ್ಗ ಹಾಕಿ ಎಳೆಯುತ್ತಿದ್ದರಂತೆ. ಆ ಕಾಲುದಾರಿ ಈಗಲೂ ನದಿಯ ಪಕ್ಕದಲ್ಲೇ ಇದೆ, ದಿನಾ ಅದರ ಮೇಲೆ ಜನ ಸೈಕಲ್ ಹೊಡೆಯುತ್ತಾರೆ. ಗಿರಣಿಯ ಮನೆಯವರು ಎಂದರೆ ದಂಡೆಯಲ್ಲಿ ನಾನೊಬ್ಬನೇ ಇದ್ದೆ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡೆ.

ಅಮ್ಮ, ಆ ದೋಣಿ ಎಷ್ಟು ಭಾರ ಎಂದು ನಿನಗೆ ಗೊತ್ತಿಲ್ಲ. ಮೊದಲು ಅದು ಅಲ್ಲಾಡಲೇ ಇಲ್ಲ. ಅಂಗಿ ಹೆಗಲಲ್ಲಿ ಹರಿಯಿತು. ಆಗ ನೀರಿನ ಕಡೆಯಿಂದ ದನಿ ಬಂತು: "ಬಗ್ಗಿ ಎಳಿಯೋ. ಹಸು ಹೊಡ್ಕೊಂಡು ಸಂತೆಗೆ ಹೊರಟಿದೀಯಾ?"

ನಾಲ್ಕು ಬೇಸಿಗೆಯ ನಂತರ ನನಗೇ ಎಂದು ನೀನು ಆಡಿದ ಮೊದಲ ಮಾತು ಅದು. ರೊಕೊ ಮಾವನಿಗಲ್ಲ, ನನಗೆ. ನಾನು ಅಳುತ್ತಿದ್ದೆ, ಮುಖ ಮುಂದಕ್ಕಿತ್ತು, ನಿನಗೆ ಕಾಣಲಿಲ್ಲ. ನಿನ್ನ ದನಿ ಕೇಳದೆ ನಾನು ಒಣಗಿಹೋಗಿದ್ದೆ ಎಂದು ನನಗೆ ಗೊತ್ತಾದದ್ದು ಆಗಲೇ. ಬಗ್ಗಿ ಎಳೆದೆ. ದೋಣಿ ಬಂತು. ಮೊದಲ ತಿರುವಿನಲ್ಲಿ ಯೆಲ್ಕಾ ಚುಕ್ಕಾಣಿಯನ್ನು ನಿನ್ನ ಕೈಗೆ ಕೊಟ್ಟು ನೀರಿಗೆ ಹಾರಿ ಈಜಿ ಬಂದಳು, ನನ್ನ ಪಕ್ಕದಲ್ಲೇ ಹಗ್ಗ ಹಿಡಿದಳು, ನನ್ನ ಮುಖ ನೋಡಿದಳು, ಎಳೆಯತೊಡಗಿದಳು. ಸರಪಳಿಯನ್ನು ನೆವೆಂಕಾ ಬಿಚ್ಚಿದಳಂತೆ. ಹಿಂದೆ ಪ್ರವಾಸಿಗಳ ದೋಣಿಗಳು ಒಂದರ ಹಿಂದೆ ಒಂದು ನಮ್ಮ ನಡಿಗೆಯಲ್ಲೇ ಬಂದವು. ನದಿ ಅಷ್ಟು ಅಗಲ ಇದ್ದರೂ ಒಬ್ಬ ಕ್ಯಾಪ್ಟನ್ ಕೂಡ ನಿನ್ನನ್ನು ದಾಟಿ ಹೋಗಲಿಲ್ಲ.

ಜಲಪಾತದ ಹತ್ತಿರ ದಡ ಹತ್ತಿದ ಮೇಲೆ ನೀನು ಚೀಲದ ಒಂದು ಕಿವಿ ಹಿಡಿದು, ರೊಕೊ ಮಾವ ಇನ್ನೊಂದು ಕಿವಿ ಹಿಡಿದು, ಬಾಗಿಲು ದಾಟಿ ಹೋದಿರಿ. ಟಿಕೆಟ್ ಕೇಳುವ ಹೊಸ ಹುಡುಗಿ ಎದ್ದು ನಿಂತಳು, ಚೀಲ ನೋಡಿದಳು, ಕೂತಳು. ಒಳಗೆ ನೀನು ಅಳುತ್ತೀಯ ಎಂದುಕೊಂಡಿದ್ದೆ. ನೀನು ಕಲ್ಲಿನ ಮೇಲೆ ಕೈಯಿಟ್ಟೆ, ಆಮೇಲೆ ಕಿಟಕಿಗೆ ಗಾಜು ಹಾಕಿದವರನ್ನು ಬೈದೆ, ಆಮೇಲೆ ಬಾರ್ಲಿ ಸುರಿದೆ. ಕೆಳಗೆ ನೀರು ಬಿಟ್ಟಾಗ ನೆಲ ನಡುಗಿತು. ಬಿಸಿ ಹಿಟ್ಟನ್ನು ಅಂಗೈಯಲ್ಲಿ ತೆಗೆದು ನನ್ನ ಬಾಯಿಗೆ ಹಾಕಿದೆ. ಇಷ್ಟು ದೊಡ್ಡ ಗಂಡಸಿಗೆ, ಅಷ್ಟು ಜನರ ಮುಂದೆ.

ಈಗ ಕಚೇರಿಯ ವಿಷಯ. ನನ್ನನ್ನು ಕೆಲಸದಿಂದ ಸದ್ಯಕ್ಕೆ ನಿಲ್ಲಿಸಿದ್ದಾರೆ. ಅವರನ್ನು ಬೈಯಬೇಡ, ಅವರ ಜಾಗದಲ್ಲಿದ್ದರೆ ಹಿಂದಿನ ವರ್ಷದ ಯೊಸೊ ಕೂಡ ಅದನ್ನೇ ಮಾಡುತ್ತಿದ್ದ. ತಪ್ಪಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಟ್ಟರೆ ಸೋಮವಾರದಿಂದ ಬರಬಹುದು ಎಂದರು. ಬಿಳಿ ಹಾಳೆ ಕೊಟ್ಟರು, ಪೆನ್ನು ಕೊಟ್ಟರು, ಕುರ್ಚಿ ಎಳೆದು ಕೊಟ್ಟರು. ನೆವೆಂಕಾ ಹೊರಗೆ ನಿಂತಿದ್ದಳು. ಬರೆದುಬಿಡು ಎಂದೂ ಅವಳು ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ನಾನು ಕೂತು ಬರೆದೆ. ಒಂದೇ ಸಾಲು. ಸಹಿ ಹಾಕಿ ಮೇಜಿನ ಮೇಲಿಟ್ಟು ಬಂದೆ.

"ಅಂದು ಮೊದಲು ಬಂದವರು ಮೊದಲು ಹೋದರು."

ನಿನ್ನ ಮಗ,
ಯೊಸೊ